ಅಂಗಳ ಅದೇ, ಅಖಾಡ ಬೇರೆ

ಚೆನ್ನೈ ಬೀಚ್‌ನಿಂದ ಹೊರಟ ತಾಂಬರಂ ಲೋಕಲ್ ಪಲ್ಲಾವರಂ ಬಿಟ್ಟ ಕೂಡಲೇ ಕ್ರೋಂಪೇಟೆ. ಕ್ರೋಮ್ ಹಾಕಿ ತೊಗಲು ಹದ ಮಾಡುತ್ತಿದ್ದ ಕಾರ್ಖಾನೆಯಿಂದ ಹೆಸರು ಪಡೆದ ಊರು. ಅಕ್ಕನ ಮನೆ ಇರುವುದು ಇಲ್ಲೇ. ಅವಳ ಮಗ ಓದುತ್ತಿರುವುದು ಎಂಐಟಿಯಲ್ಲಿ. ಅಮೆರಿಕದ್ದಲ್ಲ, ಸಿ. ರಾಜಂ ತಮ್ಮ ಮನೆ ಮಾರಿ 1949ರಲ್ಲಿ ಕಟ್ಟಿದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಅಬ್ದುಲ್ ಕಲಾಂ ಓದಿದ ಕಾಲೇಜು ಎಂದರೆ ಥಟ್ಟನೆ ಗೊತ್ತಾಗುತ್ತದೆ. ನಮ್ಮ ಬೆಂಗಳೂರಿನ ಬಿಇಎಲ್‌ನಲ್ಲಿ ದುಡಿದ ತಮಿಳು ಲೇಖಕ ಸುಜಾತಾ ಓದಿದ್ದೂ ಇಲ್ಲೇ.

ಹೋದ ಸಲ ಹೋದಾಗ ಅಳಿಯ ನೆಲದ ಮೇಲೆ ಕಾಗದ ಹರಡಿಕೊಂಡು ಕೂತಿದ್ದ. ಎಲಿಜಿಬಿಲಿಟಿ ಫಾರಂ. ಬಾಲ್ ಬ್ಯಾಡ್ಮಿಂಟನ್ ತಂಡಕ್ಕೆ. ಹುಟ್ಟಿದ ತಾರೀಕಿಗೆ ಹತ್ತನೇ ತರಗತಿಯ ಅಂಕಪಟ್ಟಿಯ ಜೆರಾಕ್ಸ್, ಮೂಲೆಯಲ್ಲಿ ಫೋಟೊ, ಫೋಟೊದ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬೀಳುವಂತೆ ಒತ್ತಿದ ದುಂಡು ಸೀಲು. ಪಕ್ಕದಲ್ಲಿ ಹಳದಿ ಉಣ್ಣೆಯ ಚೆಂಡು ಉರುಳಾಡುತ್ತಿತ್ತು; ಮೈಯೆಲ್ಲ ಜೂಲೆದ್ದು ಕೋಳಿಮರಿಯ ಹಾಗಿತ್ತು. ಆಟ ಹೇಗೆ ನಡೀತಿದೆ ಎಂದು ಕೇಳಿದೆ.

"ಪಲ್ಲಾವರಂ ಹುಡುಗರ ಎದುರು ಆಡ್ಬೇಕು ಮಾವ. ಅದಕ್ಕೆ ಸೌತ್ ಝೋನ್‌ಗೇ ಹೋಗ್ಬೇಕು."

ಪಲ್ಲಾವರಂ ಪಕ್ಕದ ಸ್ಟೇಷನ್. ಮನಸ್ಸು ಮಾಡಿದರೆ ನಡೆದೇ ಹೋಗಬಹುದು. ಅಲ್ಲಿನವರ ಜೊತೆ ಆಡಲು ದಕ್ಷಿಣ ವಲಯದ ಪಂದ್ಯಾವಳಿ ಎಲ್ಲಿ ನಡೆಯುತ್ತದೋ, ಆಂಧ್ರವೋ ಕೇರಳವೋ, ಅಲ್ಲಿಗೆ ರೈಲು ಹತ್ತಬೇಕಂತೆ. ಮೊದಲು ತಮಾಷೆ ಎನಿಸಿತು. ಅವನು ವಿವರಿಸಿದ ಮೇಲೆ ಈ ಊರುಗಳನ್ನು ಪೋಣಿಸುವ ಜಿಎಸ್‌ಟಿ ರಸ್ತೆಯ ನಕ್ಷೆಯೇ ಬೇರೆಯಾಗಿ ಕಾಣತೊಡಗಿತು.

ಪಲ್ಲಾವರಂನ ವೇಲ್ಸ್ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಕ್ರೋಂಪೇಟೆಯ ಎಂಐಟಿ ಅಣ್ಣಾ ವಿಶ್ವವಿದ್ಯಾಲಯದ ಅಂಗ. ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಮದ್ರಾಸ್ ವಿಶ್ವವಿದ್ಯಾಲಯದ ಬಳಗ. ಸೇಲೈಯೂರಿನ ಭಾರತ್, ಕಾಟ್ಟಾಂಕೊಳತ್ತೂರಿನ ಎಸ್‌ಆರ್‌ಎಂ ತಮ್ಮಷ್ಟಕ್ಕೆ ತಾವೇ ವಿಶ್ವವಿದ್ಯಾಲಯಗಳು. ಒಂದೇ ರೈಲು ದಾರಿ, ಒಂದೇ ಬಸ್ಸು, ಐದು ಬೇರೆ ಬೇರೆ ಅಖಾಡ. ಅಂತರ ಕಾಲೇಜು ಪಂದ್ಯ ಎಂದರೆ ಒಂದು ವಿಶ್ವವಿದ್ಯಾಲಯದ ಒಳಗಿನ ಮಾತು. ಆ ಗೆರೆ ದಾಟಿದವರು ಎದುರಾಗುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ. ದೇಶಕ್ಕೆ ನಾಲ್ಕು ವಲಯ. ದಕ್ಷಿಣದಲ್ಲಿ ಗೆದ್ದು ಮೇಲೆ ಬಂದವರಿಗೆ ಅಖಿಲ ಭಾರತ ಮಟ್ಟ.

ಎಂಐಟಿಯೂ ಹೀಗೇ ಸರಿದಾಡಿದೆ. ಶುರುವಿನಲ್ಲಿ ತನ್ನದೇ ಡಿಪ್ಲೊಮಾ ಕೊಡುತ್ತಿದ್ದ ಸ್ವತಂತ್ರ ಸಂಸ್ಥೆ. 1978ರಲ್ಲಿ ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನ ಜೊತೆ ಅಣ್ಣಾ ವಿಶ್ವವಿದ್ಯಾಲಯಕ್ಕೆ ಸೇರಿತು. ಆಗ ವಿಶ್ವವಿದ್ಯಾಲಯವೆಂದರೆ ಬೆರಳೆಣಿಕೆಯ ಕ್ಯಾಂಪಸ್. ವಿಶ್ವವಿದ್ಯಾಲಯದ ಜೆರ್ಸಿಗೆ ಪೈಪೋಟಿಯೂ ಅಷ್ಟೇ. 2001ರ ಕೊನೆಗೆ ಕಾನೂನು ತಿದ್ದಿ, ಬೇರೆ ಬೇರೆ ವಿಶ್ವವಿದ್ಯಾಲಯಗಳಡಿ ಇದ್ದ 200ಕ್ಕೂ ಹೆಚ್ಚು ಎಂಜಿನಿಯರಿಂಗ್ ಕಾಲೇಜುಗಳನ್ನು ಅಣ್ಣಾ ವಿಶ್ವವಿದ್ಯಾಲಯಕ್ಕೆ ಜೋಡಿಸಿದರು. ರಾಜ್ಯದುದ್ದಕ್ಕೂ ವಲಯ, ವಲಯ ಗೆದ್ದವರಿಗೆ ಅಂತರ ವಲಯ. 2007ರಿಂದ ಕೊಯಮತ್ತೂರು, ತಿರುಚಿರಾಪಳ್ಳಿ, ತಿರುನೆಲ್ವೇಲಿ ಎಂದು ಅದನ್ನೇ ಸೀಳಿದರು. 2012ರ ಹೊತ್ತಿಗೆ ಮತ್ತೆ ಹೊಲಿದರು. 2006ರಲ್ಲಿ ಕೊಯಮತ್ತೂರಿನ ಕಾಲೇಜಿಗೆ ಸೇರಿದ ಒಬ್ಬ ಆಟಗಾರ ಒಂದು ವಿಶ್ವವಿದ್ಯಾಲಯಕ್ಕೆ ಆಡಲು ಬಂದು ಇನ್ನೊಂದಕ್ಕೆ ಆಡಿ ಹೊರಟಿರುತ್ತಾನೆ. ಅವನು ಎಲ್ಲಿಗೂ ಹೋಗಿರಲಿಲ್ಲ.

ಕ್ರೋಂಪೇಟೆಯ ಕಥೆಯೂ ಅದೇ. ಕಾಂಚೀಪುರಂ ಜಿಲ್ಲೆಯಲ್ಲಿದ್ದದ್ದು 2019ರ ನವೆಂಬರ್‌ನಲ್ಲಿ ಚೆಂಗಲ್ಪಟ್ಟು ಜಿಲ್ಲೆಗೆ ಹೋಯಿತು. ಅದು ಸೇರಿದ್ದ ಪಲ್ಲಾವರಂ ಪುರಸಭೆ 2021ರಲ್ಲಿ ತಾಂಬರಂ ಮಹಾನಗರ ಪಾಲಿಕೆಯಲ್ಲಿ ಕರಗಿತು. ಅಳಿಯ ಶಾಲೆಯಲ್ಲಿದ್ದಾಗ ಒಂದು ಜಿಲ್ಲೆಯವನು, ಕಾಲೇಜಿಗೆ ಬರುವ ಹೊತ್ತಿಗೆ ಇನ್ನೊಂದರವನು. ಮನೆ ಬಾಗಿಲು ಮಾತ್ರ ಅಲ್ಲೇ ಇದೆ.

ಅಮೆರಿಕದಲ್ಲೂ ಕಾಲೇಜುಗಳು ಕೂಟ ಬದಲಾಯಿಸುತ್ತವೆ. ಅಲ್ಲಿ ಎಳೆಯುವುದು ಟಿವಿ ದುಡ್ಡು. 'ಬಿಗ್ ಟೆನ್' ಎಂಬ ಒಕ್ಕೂಟ 2022ರಲ್ಲಿ ಏಳು ವರ್ಷದ ಪ್ರಸಾರಕ್ಕೆ 700 ಕೋಟಿ ಡಾಲರ್ ಮೀರಿದ ಒಪ್ಪಂದ ಮಾಡಿಕೊಂಡಿತು. 2024ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ, ಯುಎಸ್‌ಸಿ ಮತ್ತು ಇನ್ನೆರಡು ಪಶ್ಚಿಮ ತೀರದ ವಿಶ್ವವಿದ್ಯಾಲಯಗಳು ಸೇರಿ ಅದು 18ಕ್ಕೆ ಏರಿತು. ಹೆಸರಿಗೆ ಹತ್ತು, ಎಣಿಸಿದರೆ ಹದಿನೆಂಟು. ಅವು ಬಿಟ್ಟುಬಂದ 'ಪ್ಯಾಕ್-12'ರಲ್ಲಿ ಆ ವರ್ಷ ಉಳಿದದ್ದು ಎರಡೇ. ಈಗ ಪೆಸಿಫಿಕ್ ದಂಡೆಯ ವಾಲಿಬಾಲ್ ಹುಡುಗಿ ಲೀಗ್ ಪಂದ್ಯಕ್ಕೆಂದು ಅಟ್ಲಾಂಟಿಕ್ ದಂಡೆಯ ನ್ಯೂಜೆರ್ಸಿಗೆ ಹಾರಬೇಕು. ಅಲ್ಲಿ ಬೈಯಲು ಒಂದು ಮುಖವಾದರೂ ಇದೆ: ದುಡ್ಡಿಗೆ ಬಿದ್ದ ಆಡಳಿತ ಮಂಡಳಿ. ನಮ್ಮಲ್ಲಿ ಅಖಾಡ ಬದಲಾಯಿಸುವುದು ಹೆಚ್ಚಾಗಿ ವಿಧಾನಸಭೆ. ಮಸೂದೆ ಮಂಡಿಸುವ ಯಾರ ತಲೆಯಲ್ಲೂ ಆಟ ಇರುವುದಿಲ್ಲ. ಯಾವ ಪದವಿಗೆ ಯಾರ ಸೀಲು ಎಂಬುದಷ್ಟೇ ಚರ್ಚೆ. ಕಬಡ್ಡಿ ತಂಡ ಯಾವ ಕಡೆ ಬಿತ್ತು ಎಂದು ಗೊತ್ತಾಗುವುದು ಜುಲೈನಲ್ಲಿ, ದೈಹಿಕ ಶಿಕ್ಷಣದ ಪಿ.ಡಿ. ಸರ್ ಟೇಬಲ್‌ಗೆ ಸುತ್ತೋಲೆ ಬಂದಾಗ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನೇ ನೋಡಿ. 1880ರಲ್ಲಿ ಹುಟ್ಟಿ, ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದಷ್ಟು ಕಾಲವೂ ಮದ್ರಾಸ್ ವಿಶ್ವವಿದ್ಯಾಲಯದ ಕಾಲೇಜು. ರಾಜ್ಯ ಪುನರ್ವಿಂಗಡಣೆಯ ನಂತರ ಈ ಕಡೆಗೆ ಬಂತು, 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯದ ತೆಕ್ಕೆಗೆ. 2024ರ ಜನವರಿಯಲ್ಲಿ ತಾನೇ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಗುಡ್ಡದ ಮೇಲಿನ ಕಟ್ಟಡ ಒಂದು ಗೇಣೂ ಅಲುಗಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜೂ 1916ರವರೆಗೆ ಮದ್ರಾಸಿನದು, ಆಮೇಲೆ ಮೈಸೂರಿನದು, 1964ರಿಂದ ಬೆಂಗಳೂರಿನದು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾದಾಗ ಹೊಸದೊಂದರ ಮನೆಯೇ ಆಯಿತು. ಕಾಸರಗೋಡಿನ ಸರ್ಕಾರಿ ಕಾಲೇಜು ಇಂದು ಕಣ್ಣೂರಿನ ಪಾಲು. ಮಂಗಳೂರು ಐವತ್ತು ಕಿಲೋಮೀಟರ್, ಆದರೂ ಕೈಕುಲುಕಬೇಕಾದರೆ ಸೌತ್ ಝೋನೇ ಗತಿ.

ಇವುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಕೊಡಗು. ದಕ್ಷಿಣ ಕನ್ನಡ, ಉಡುಪಿ, ಕೊಡಗು ಮೂರೂ ಮಂಗಳೂರು ವಿಶ್ವವಿದ್ಯಾಲಯದಲ್ಲಿದ್ದಾಗ ಒಬ್ಬೊಬ್ಬರದು ಒಂದೊಂದು ಜೋರು. ಓಟ, ಎಸೆತ ಮೂಡುಬಿದಿರೆಯ ಆಳ್ವಾಸ್‌ನಿಂದ. ಅದರ ಬಲದಿಂದಲೇ ಮಂಗಳೂರು ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ವರ್ಷ ವರ್ಷ ಸಮಗ್ರ ಪ್ರಶಸ್ತಿ ಹೊತ್ತು ತಂದಿದೆ. ಹಾಕಿ ಎಂದರೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲು. ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ತಲೆಯೆತ್ತಿದ ಮೇಲೆ ಆ ಕೋಲುಗಳು ಮಂಗಳೂರಿನ ಚೀಲದಿಂದ ಹೊರಬಿದ್ದವು. ಕೊಡಗಿನ ಹುಡುಗರಿಗೆ ಇದು ಲಾಭವೇ: ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ ಸಿಗುವುದು ಸುಲಭ. ಆದರೆ ಒಂದೇ ಜಿಲ್ಲೆಯ ಬೆರಳೆಣಿಕೆಯ ಕಾಲೇಜುಗಳ ನಡುವೆ ಗೆದ್ದು ಸೌತ್ ಝೋನ್‌ಗೆ ಹೋದವರಿಗೆ ಗಟ್ಟಿ ಎದುರಾಳಿ ಸಿಗುವುದು ಅಲ್ಲೇ, ಮೊದಲ ದಿನವೇ. ಹೀಗಿರುವಾಗ 2025ರಲ್ಲಿ ಇಂಥ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತನ್ನು ಸಚಿವ ಸಂಪುಟದ ಉಪಸಮಿತಿ ಎತ್ತಿತು. ಮುಚ್ಚಿದರೆ ಹಾಕಿ ಕೋಲು ಮತ್ತೆ ಘಟ್ಟ ಇಳಿಯಬೇಕು.

ಆಡಳಿತ ಮಂಡಳಿ ತಾನಾಗಿಯೇ ಹತ್ತಬಹುದಾದ ಏಣಿಯೂ ಒಂದಿದೆ: ಡೀಮ್ಡ್ ಪಟ್ಟ. ಬೆಂಗಳೂರಿನ ಜೈನ್ 2008ರಲ್ಲಿ ಅದನ್ನು ಹತ್ತಿತು. 2022ರಲ್ಲಿ ತನ್ನೂರಲ್ಲೇ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ 20 ಚಿನ್ನ ಗೆದ್ದು ಮೊದಲ ಸ್ಥಾನಕ್ಕೆ ನಿಂತಿತು. ಅದರಲ್ಲಿ ಏಳು ಚಿನ್ನ ಈಜುಗಾರ ಶಿವ ಶ್ರೀಧರ್ ಒಬ್ಬರದೇ. ಪಟ್ಟ ಸಿಗದಿದ್ದರೆ ಆ ಪದಕಗಳು ಬೇರೆ ಹೆಸರಿನ ಲೆಕ್ಕಕ್ಕೆ ಹೋಗುತ್ತಿದ್ದವು. ಇಂಥ ಕಡೆ ಆಟಗಾರರಿಗೆ ಫೀಸು ಮಾಫಿ, ಹಾಸ್ಟೆಲು, ಕೋಚು ಎಲ್ಲ ಉಂಟು. ಅದನ್ನು ನಾನು ದೂರುವುದಿಲ್ಲ. ಒಳ್ಳೆಯ ಆಟಗಾರರು ಅಲ್ಲಿಗೆ ಸರಿದ ಮೇಲೆ ಹಳೆಯ ವಿಶ್ವವಿದ್ಯಾಲಯದ ಅಂತರ ಕಾಲೇಜು ಫೈನಲ್‌ಗೆ ನೋಡುವವರೇ ಇಲ್ಲ, ಅದೊಂದು ನೋವು.

ಅಳಿಯ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ. ಪಂದ್ಯಾವಳಿ ಬೇರೆ ರಾಜ್ಯದಲ್ಲಿ. ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗ ಅದೇ ಬೋಗಿಯಲ್ಲಿ ಪಲ್ಲಾವರಂ ಹುಡುಗರು, ಅವರ ಮೈಮೇಲೆ ಬೇರೆ ಬಣ್ಣದ ಟ್ರ್ಯಾಕ್‌ಸೂಟ್. ರಾತ್ರಿಯೆಲ್ಲ ಇಸ್ಪೀಟಾಡಿದರಂತೆ. ಎರಡನೇ ದಿನ ಎದುರುಬದುರಾಗಿ ನಿಂತರು. ಅಳಿಯನ ತಂಡ ಸೋತಿತು. ವಾಪಸ್ ಬಂದು ಪಾರ್ಕ್ ಸ್ಟೇಷನ್ನಿನಿಂದ ಎಲ್ಲರೂ ಒಂದೇ ತಾಂಬರಂ ಲೋಕಲ್ ಹಿಡಿದರು. ಗೆದ್ದವರು ಪಲ್ಲಾವರಂನಲ್ಲಿ ಇಳಿದರು, ಇವರು ಇನ್ನೊಂದು ಸ್ಟೇಷನ್ ಮುಂದಕ್ಕೆ.