ಗೇಣುದ್ದದ ಕಾರು

ದೊಡ್ಡದನ್ನು ಚಿಕ್ಕದಾಗಿ ಮಾಡಿ ನೋಡಬೇಕೆಂಬ ಆಸೆ ಮಾನವನಲ್ಲಿ ಬಹು ಹಿಂದಿನಿಂದಲೂ ಇದೆ. ಊರಿನ ತೇರನ್ನು ಕಂಡು ಬಂದ ಮಕ್ಕಳು ಅಂಗಳದಲ್ಲಿ ಪುಟ್ಟ ತೇರನ್ನು ಕಟ್ಟಿ ಎಳೆಯುತ್ತಾರೆ. ಬೆಂಕಿಪೆಟ್ಟಿಗೆಗೆ ಗುಂಡಿಗಳ ಗಾಲಿಯಿಟ್ಟು ಬಸ್ಸೆಂದು ಓಡಿಸುತ್ತಾರೆ. ಆಟಿಕೆಗೆ ಗಾಲಿ ಉರುಳಿದರೆ ಸಾಕು. ಉಳಿದುದನ್ನು ಮಗುವಿನ ಕಲ್ಪನೆಯೇ ತುಂಬಿಕೊಳ್ಳುತ್ತದೆ. ಆದರೆ ಇದೇ ಆಸೆಯು ಅಳತೆಯ ಕಟ್ಟಿಗೆ ಒಳಪಟ್ಟಾಗ ಒಂದು ಕಲೆಯಾಗುತ್ತದೆ. ಮಾದರಿ ಕಾರುಗಳನ್ನು ನಿರ್ಮಿಸುವ ಹವ್ಯಾಸ ಅಂತಹ ಕಲೆಗಳಲ್ಲೊಂದು.

ಈ ಕಲೆಯ ಜೀವಾಳವೇ ಪ್ರಮಾಣ. 1:24 ಎಂಬ ಪ್ರಮಾಣದಲ್ಲಿ ಕಟ್ಟಿದ ಮಾದರಿಯ ಉದ್ದ, ಅಗಲ, ಎತ್ತರಗಳು ನಿಜವಾದ ಕಾರಿನ ಇಪ್ಪತ್ತನಾಲ್ಕನೆಯ ಒಂದು ಪಾಲಿನಷ್ಟಿರುತ್ತವೆ. ದೀರ್ಘಕಾಲ ಭಾರತದ ರಸ್ತೆಗಳನ್ನು ಆಳಿ, 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರ್ ಕಾರಿನ ಉದ್ದ ಸುಮಾರು 4.3 ಮೀಟರ್. 1:24ರ ಪ್ರಮಾಣದಲ್ಲಿ ಅದು ಸುಮಾರು 18 ಸೆಂಟಿಮೀಟರ್, ಎಂದರೆ ಒಂದು ಗೇಣಿನಷ್ಟಾಗುತ್ತದೆ. 1:43ರಲ್ಲಿ 10 ಸೆಂಟಿಮೀಟರಿಗೆ ಇಳಿಯುತ್ತದೆ. ಗಾಲಿ, ದೀಪ, ಬಾಗಿಲ ಹಿಡಿಕೆ, ಗಾಜಿನ ಅಂಚು ಎಲ್ಲವೂ ಇದೇ ಲೆಕ್ಕದಲ್ಲಿ ಕುಗ್ಗಬೇಕು. ಒಂದು ಭಾಗ ಲೆಕ್ಕ ತಪ್ಪಿದರೂ ನೋಡುವವನ ಕಣ್ಣು ಅದನ್ನು ಕೂಡಲೇ ಹಿಡಿಯುತ್ತದೆ.

ಇಂದು ಹೆಚ್ಚಿನ ಹವ್ಯಾಸಿಗಳು ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆಯೊಂದನ್ನು ಕೊಂಡು ಕೆಲಸವನ್ನು ಆರಂಭಿಸುತ್ತಾರೆ. ಅಚ್ಚಿನಲ್ಲಿ ಎರಕ ಹೊಯ್ದ ಭಾಗಗಳು ಒಂದು ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಅವುಗಳನ್ನು ಹರಿತವಾದ ಅಲಗಿನಿಂದ ಬಿಡಿಸಿ, ಅಚ್ಚಿನ ಗೆರೆಗಳನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ತೆಗೆಯಬೇಕು. ಅಚ್ಚಿನ ಜಿಡ್ಡು ಹೋಗುವಂತೆ ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಅಂಟು ಹಚ್ಚುವ ಮೊದಲು ಭಾಗಗಳನ್ನು ಒಣದಾಗಿಯೇ ಜೋಡಿಸಿ ನೋಡುವುದು ಜಾಣತನ. ಏಕೆಂದರೆ ಈ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ತಪ್ಪಾಗಿ ಕೂಡಿದುದನ್ನು ಬಿಡಿಸುವುದು ಕಷ್ಟ. ಅದರ ಆವಿ ಒಳ್ಳೆಯದಲ್ಲವಾದುದರಿಂದ ಕಿಟಕಿಗಳನ್ನು ತೆರೆದಿಟ್ಟೇ ಕೆಲಸ ಮಾಡಬೇಕು.

ನಿಜವಾದ ಪರೀಕ್ಷೆ ಬಣ್ಣ ಹಚ್ಚುವಾಗ ಎದುರಾಗುತ್ತದೆ. ಅವಸರದಲ್ಲಿ ಬಳಿದ ಬಣ್ಣವು ಮಾದರಿಯ ಮೇಲೆ 0.1 ಮಿಲಿಮೀಟರ್ ದಪ್ಪವಾಗಿ ಕುಳಿತಿತೆಂದು ಭಾವಿಸೋಣ. ಇದು ಅತ್ಯಲ್ಪವೆಂದು ತೋರಬಹುದು. ಆದರೆ 1:24ರ ಲೆಕ್ಕದಲ್ಲಿ ಅದು ರಸ್ತೆಯ ಕಾರಿನ ಮೇಲೆ 2.4 ಮಿಲಿಮೀಟರ್ ದಪ್ಪದ ಬಣ್ಣವನ್ನು ಮೆತ್ತಿದಂತೆಯೇ ಸರಿ. ಕಾರಿನ ಬಾಗಿಲಿನ ಸುತ್ತ 5 ಮಿಲಿಮೀಟರ್ ಸಂದು ಇದ್ದರೆ ಮಾದರಿಯಲ್ಲಿ ಅದು ಕೇವಲ 0.2 ಮಿಲಿಮೀಟರ್. ಸಂದಿನ ಎರಡೂ ಬದಿಗಳಲ್ಲಿ ಅಷ್ಟು ಬಣ್ಣ ಕುಳಿತರೆ ಸಂದು ಮುಚ್ಚಿಹೋಗಿ, ಬಾಗಿಲೇ ಇಲ್ಲದ ಕಾರು ಉಳಿಯುತ್ತದೆ! ಆದುದರಿಂದಲೇ ನುರಿತವನು ಬಣ್ಣವನ್ನು ತೆಳುವಾದ ಹಲವು ಪದರಗಳಾಗಿ ಸಿಂಪಡಿಸಿ, ಒಂದೊಂದೂ ಒಣಗುವವರೆಗೆ ಕಾಯುತ್ತಾನೆ.

ಅನಂತರದ ಕೆಲಸ ಸೂಕ್ಷ್ಮ ವಿವರಗಳನ್ನು ತುಂಬುವುದು. ಮುಂಭಾಗದ ಜಾಲರಿಗೆ ನೀರಾಗಿಸಿದ ಕಪ್ಪು ಬಣ್ಣವನ್ನು ಹರಿಯಬಿಟ್ಟರೆ ಅದು ಕುಳಿಗಳಲ್ಲಿ ನಿಂತು ಆಳವನ್ನು ತೋರುತ್ತದೆ. ಹೊಳೆಯುವ ಟೈರನ್ನು ಮೆಲ್ಲನೆ ಉಜ್ಜಿದರೆ ರಸ್ತೆಯಲ್ಲಿ ಸವೆದಂತೆ ಕಾಣುತ್ತದೆ. ಹಳೆಯ ವಿದ್ಯುತ್ ತಂತಿಯ ಒಂದೇ ಎಳೆಯು ಎಂಜಿನ್ನಿನ ಕಿಡಿಬೆಣೆಗೆ ಹೋಗುವ ತಂತಿಯಾಗುತ್ತದೆ. ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನ್ನಿನಲ್ಲಿ ಇಂತಹ ತಂತಿ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆಂಬುದನ್ನು ಅರಿಯದೆ ಅದನ್ನು ಜೋಡಿಸಲಾಗದು. ಹೀಗೆ ಕೈ ಕೆಲಸ ಮಾಡುತ್ತಿರುವಂತೆಯೇ ಬುದ್ಧಿಯು ಯಂತ್ರವನ್ನು ಅರಿಯುತ್ತದೆ.

ಈ ಹವ್ಯಾಸವು ಬಾಳಿನ ದಾರಿಯನ್ನೇ ತೋರಿದ ನಿದರ್ಶನವೊಂದು ಅಮೆರಿಕದಲ್ಲಿದೆ. ಜನರಲ್ ಮೋಟಾರ್ಸ್ ಸಂಸ್ಥೆಯ ಫಿಷರ್ ಬಾಡಿ ವಿಭಾಗವು ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, 1930ರಲ್ಲಿ, ಬಾಲಕರಿಗಾಗಿ ಕುಶಲಕರ್ಮಿಗಳ ಸಂಘವೊಂದನ್ನು ಸ್ಥಾಪಿಸಿತು. ಮೊದಮೊದಲು ನೆಪೋಲಿಯನ್ನನ ಕಾಲದ ಸಾರೋಟಿನ ಮಾದರಿಯನ್ನು ಕಟ್ಟುವ ಸ್ಪರ್ಧೆಯಿತ್ತು. 1937ರಿಂದ ಕಾರುಗಳಿಗೂ ಸ್ಥಾನ ದೊರೆಯಿತು. ಸ್ಪರ್ಧಿಯು ತಾನೇ ಕಲ್ಪಿಸಿದ ಕಾರನ್ನು 1:12ರ ಪ್ರಮಾಣದಲ್ಲಿ, ತನ್ನ ಕೈಯಿಂದಲೇ ರೂಪಿಸಬೇಕಾಗಿತ್ತು. ಸಿದ್ಧ ಬಿಡಿಭಾಗಗಳ ನೆರವಿರಲಿಲ್ಲ. ಮರವನ್ನು ಕೆತ್ತಿ, ಲೋಹವನ್ನು ಅರದಿಂದ ಉಜ್ಜಿ, ಬಾಲಕರು ಶಾಲೆಯ ಬಿಡುವಿನಲ್ಲಿ ತಿಂಗಳುಗಟ್ಟಲೆ ದುಡಿಯುತ್ತಿದ್ದರು. ಗೆದ್ದವರಿಗೆ ಕಾಲೇಜು ವ್ಯಾಸಂಗಕ್ಕಾಗಿ ವಿದ್ಯಾರ್ಥಿವೇತನ ದೊರೆಯುತ್ತಿತ್ತು. ಬಾಲಕಿಯರಿಗೆ ಅಲ್ಲಿ ಪ್ರವೇಶವಿರಲಿಲ್ಲವೆಂಬುದು ಅದರ ದೊಡ್ಡ ಕೊರತೆ. 1968ರಲ್ಲಿ ಈ ಸ್ಪರ್ಧೆ ನಿಂತಿತು.

1947ರಲ್ಲಿ ಈ ಸ್ಪರ್ಧೆಯ ರಾಷ್ಟ್ರಮಟ್ಟದ ಬಹುಮಾನವನ್ನು ಪಡೆದವರಲ್ಲಿ ಚಾರ್ಲ್ಸ್ ಜೋರ್ಡನ್ ಎಂಬ ತರುಣನೂ ಒಬ್ಬ. ಎರಡು ವರ್ಷಗಳ ತರುವಾಯ ಆತ ಜನರಲ್ ಮೋಟಾರ್ಸ್ ಸಂಸ್ಥೆಯ ವಿನ್ಯಾಸ ವಿಭಾಗವನ್ನು ಸೇರಿದನು. 1986ರಲ್ಲಿ ಆ ವಿಭಾಗಕ್ಕೇ ಮುಖ್ಯಸ್ಥನಾದನು. ಇದರಲ್ಲಿ ಅಚ್ಚರಿಯೇನೂ ಇಲ್ಲ. ಹೊಸ ಕಾರನ್ನು ತಯಾರಿಸುವ ಮುನ್ನ ವಿನ್ಯಾಸಕಾರರೂ ಜೇಡಿಮಣ್ಣಿನ ಮಾದರಿಯನ್ನು ಮಾಡಿ ಅದರ ತಿರುವು, ಉಬ್ಬುಗಳನ್ನು ಕಣ್ಣಾರೆ ಕಂಡು ಕೈಯಾರೆ ತಿದ್ದುತ್ತಾರೆ. ಗಣಕಯಂತ್ರಗಳು ಬಂದ ಮೇಲೂ ಆ ಪದ್ಧತಿ ಅಳಿದಿಲ್ಲ.

ಮಾದರಿ ಕಾರುಗಳನ್ನು ಕಟ್ಟುವವರೆಲ್ಲರೂ ವಿನ್ಯಾಸಕಾರರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಗೇಣುದ್ದದ ಕಾರು ಕಲಿಸುವ ಪಾಠ ಎಲ್ಲರಿಗೂ ಸಲ್ಲುತ್ತದೆ. ವಸ್ತು ಚಿಕ್ಕದಾದ ಮಾತ್ರಕ್ಕೆ ಅದರಲ್ಲಿನ ತಪ್ಪು ಚಿಕ್ಕದಾಗುವುದಿಲ್ಲ. ಕೂದಲೆಳೆಯಷ್ಟು ಅಜಾಗ್ರತೆಯೂ ಅಲ್ಲಿ ಇಪ್ಪತ್ತನಾಲ್ಕು ಪಟ್ಟು ಹಿಗ್ಗಿ ಕಾಣುತ್ತದೆ. ಎಂಜಿನ್ನಿನ ತಂತಿಗಳನ್ನು ಸರಿಯಾಗಿ ಜೋಡಿಸಿದ ಮೇಲೆ ಹವ್ಯಾಸಿಯು ಬಾನೆಟ್ಟನ್ನು ಮುಚ್ಚುತ್ತಾನೆ. ಅನಂತರ ಅವು ಯಾರ ಕಣ್ಣಿಗೂ ಬೀಳದಿರಬಹುದು. ಆದರೂ ಅವು ಅಲ್ಲಿ ಸರಿಯಾಗಿ ಇವೆಯೆಂಬುದನ್ನು ಕಟ್ಟಿದವನು ಬಲ್ಲನು.