‘ನೋ ಟಾರ್ಗೆಟ್’ ಅಂತ ಬಂತಾ? ಬೋರ್ಡ್ ಎಸೀಬೇಡಿ

(ಸಂಚಿಕೆಯ ಬರಹ ರೂಪ)

ಫೈನಲ್ ಇಯರ್ ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ಒಂದೇ ಥರದ ಪ್ರಶ್ನೆ ಬರೋಕೆ ಶುರುವಾಗುತ್ತೆ. ‘ಬ್ಲೂ ಪಿಲ್ ಬೋರ್ಡ್‌ಗೆ ಮೊದಲ ಸಲ ಕೋಡ್ ಹಾಕಿದೆ, ಎಲ್‌ಇಡಿ ಮಿಣುಕ್ತು. ಎರಡನೇ ಸಲ ಹಾಕೋಕೆ ಹೋದ್ರೆ ನೋ ಟಾರ್ಗೆಟ್ ಅಂತಿದೆ. ಬೋರ್ಡ್ ಹೋಯ್ತಾ? ನಾಳಿದ್ದು ಡೆಮೊ ಇದೆ!’

ಬಹುತೇಕ ಸಲ ಹೋಗಿರಲ್ಲ. ಎಸ್‌ಪಿ ರೋಡ್‌ಗೆ ಓಡಿ ಇನ್ನೊಂದು ಬೋರ್ಡ್ ತಂದು, ಅದಕ್ಕೂ ಅದೇ ಕೋಡ್ ಹಾಕಿ, ‘ಇದೂ ಸತ್ತೋಯ್ತು’ ಅಂತ ಕೂರೋಕೆ ಮೊದಲು ಸ್ವಲ್ಪ ಇದನ್ನ ಕೇಳಿ.

ಬ್ಲೂ ಪಿಲ್‌ನಲ್ಲಿರೋದು ಎಸ್‌ಟಿಎಂ32ಎಫ್103ಸಿ8 ಅನ್ನೋ ಚಿಪ್. 64 ಕೆಬಿ ಫ್ಲ್ಯಾಶ್, 20 ಕೆಬಿ ರ‍್ಯಾಮ್. ಕಂಪ್ಯೂಟರ್‌ಗೂ ಈ ಚಿಪ್‌ಗೂ ನಡುವೆ ದುಭಾಷಿ ಥರ ಕೂರೋದು ಎಸ್‌ಟಿ-ಲಿಂಕ್ ಡಿಬಗ್ಗರ್. ಪೆನ್‌ಡ್ರೈವ್ ಥರ ಕಾಣುತ್ತಲ್ಲ, ಅದೇ. ಅದು ಚಿಪ್ ಜೊತೆ ಮಾತಾಡೋದು ಎರಡೇ ತಂತಿಯಲ್ಲಿ: ಎಸ್‌ಡಬ್ಲ್ಯುಡಿಐಒ, ಅಂದ್ರೆ ಪಿಎ13, ಎಸ್‌ಡಬ್ಲ್ಯುಸಿಎಲ್‌ಕೆ, ಅಂದ್ರೆ ಪಿಎ14. ಜೊತೆಗೆ ಗ್ರೌಂಡ್ ಮತ್ತು 3.3 ವೋಲ್ಟ್. ಈ ಪಿಎ13, ಪಿಎ14 ಅನ್ನೋ ಹೆಸರು ನೆನಪಿರಲಿ, ಇಡೀ ಕಥೆ ಅಲ್ಲೇ ಇರೋದು.

ಮೊದಲು ತಂತಿ ನೋಡಿ. ಅಗ್ಗದ ಎಸ್‌ಟಿ-ಲಿಂಕ್‌ಗಳಲ್ಲಿ ಪಿನ್‌ಗಳ ಕ್ರಮ ಒಂದೇ ಥರ ಇರಲ್ಲ. ಯೂಟ್ಯೂಬ್ ವಿಡಿಯೋದಲ್ಲಿ ನೋಡಿದ ಹಾಗೆ ಸಿಕ್ಕಿಸಬೇಡಿ, ನಿಮ್ಮ ಕೈಲಿರೋ ಡಿಬಗ್ಗರ್ ಮೇಲೆ ಏನು ಬರೆದಿದೆಯೋ ಅದನ್ನ ನಂಬಿ. ಗ್ರೌಂಡ್ ತಂತಿ ಸಡಿಲ ಇದ್ರೂ ಇದೇ ಎರರ್ ಬರುತ್ತೆ. ಬೋರ್ಡ್ ಮೇಲೆ 3.3 ವೋಲ್ಟ್ ನಿಜವಾಗ್ಲೂ ಇದೆಯಾ ಅಂತ ಮಲ್ಟಿಮೀಟರ್ ಇಟ್ಟು ನೋಡಿ. ಜಂಪರ್ ವೈರ್ ಉದ್ದ ಇದ್ದು, ಒಮ್ಮೆ ಕನೆಕ್ಟ್ ಆಗುತ್ತೆ ಒಮ್ಮೆ ಆಗಲ್ಲ, ಅಥವಾ ಬರೆದ ಮೇಲೆ ವೆರಿಫೈ ಫೇಲ್ ಅಂತ ಬರುತ್ತೆ ಅಂದ್ರೆ, ಸಾಫ್ಟ್‌ವೇರ್‌ನಲ್ಲಿ ಎಸ್‌ಡಬ್ಲ್ಯುಡಿ ಸ್ಪೀಡ್ 4000 ಕಿಲೋಹರ್ಟ್ಸ್ ಇದ್ದದ್ದನ್ನ 480ಕ್ಕೆ ಇಳಿಸಿ ನೋಡಿ.

ಈಗ ‘ಮೊದಲ ಸಲ ಆಯ್ತು, ಎರಡನೇ ಸಲ ಆಗ್ತಿಲ್ಲ’ ಅನ್ನೋ ಕೇಸ್‌ಗೆ ಬರೋಣ. ತಂತಿ ಮುಟ್ಟೇ ಇಲ್ಲ, ಆದ್ರೂ ಕೆಟ್ಟಿತು. ಹಾಗಾದ್ರೆ ಬದಲಾಗಿದ್ದು ಏನು? ಚಿಪ್ ಒಳಗಿರೋ ಕೋಡ್. ಅಂದ್ರೆ ನೀವೇ ಹಾಕಿದ ಕೋಡ್ ಬಾಗಿಲು ಹಾಕ್ಕೊಂಡಿದೆ.

ಹೇಗೆ ಅಂದ್ರೆ, ಪಿಎ13, ಪಿಎ14 ಡಿಬಗ್‌ಗೆ ಮಾತ್ರ ಮೀಸಲಾದ ಪಿನ್‌ಗಳಲ್ಲ. ಚಿಪ್ ಆನ್ ಆದಾಗ ಡಿಬಗ್ ಪಿನ್ ಆಗಿರ್ತವೆ, ಆದ್ರೆ ಕೋಡ್ ಬೇಕಾದ್ರೆ ಆ ಕೆಲಸದಿಂದ ಬಿಡಿಸಿ ಮಾಮೂಲಿ ಪಿನ್ ಮಾಡ್ಕೋಬಹುದು. ಕ್ಯೂಬ್‌ಎಂಎಕ್ಸ್‌ನಲ್ಲಿ ಚಿಪ್ ಆರಿಸಿ ಹೊಸ ಪ್ರಾಜೆಕ್ಟ್ ಶುರು ಮಾಡಿದ್ರೆ, ‘ಸಿಸ್’ ವಿಭಾಗದಲ್ಲಿ ಡಿಬಗ್ ಆಯ್ಕೆ ಆಫ್ ಆಗೇ ಇರುತ್ತೆ. ನೀವು ಗಮನಿಸದೆ ಕೋಡ್ ಜನರೇಟ್ ಮಾಡಿದ್ರೆ, ಈ ಎಫ್1 ಚಿಪ್‌ಗಳಲ್ಲಿ ಡಿಬಗ್ ಪೋರ್ಟ್ ಮುಚ್ಚೋ ಸಾಲು ಅದರಲ್ಲೇ ಸೇರ್ಕೊಂಡು ಬರುತ್ತೆ. ಎಲ್‌ಇಡಿ ಮಿಣುಕುತ್ತೆ, ಡಿಬಗ್ಗರ್‌ಗೆ ಮಾತ್ರ ಪ್ರವೇಶ ಇಲ್ಲ. ಹೊಸಬರು ಹೆಚ್ಚಾಗಿ ಬಳಸೋ ಟೂಲ್‌ನಲ್ಲಿ ಇಂಥ ಡೀಫಾಲ್ಟ್ ಯಾಕಿದೆಯೋ, ನನಗಂತೂ ಸರಿ ಅನ್ಸಲ್ಲ.

ಕೋಡ್ ಬಾಗಿಲು ಹಾಕೋದು ಅದು ಓಡೋಕೆ ಶುರು ಮಾಡಿದ ಮೇಲೆ ತಾನೇ? ಹಾಗಾದ್ರೆ ಅದು ಓಡೋಕೆ ಮೊದಲೇ ನಾವು ಒಳಗೆ ಹೋಗ್ಬೇಕು. ಕ್ಯೂಬ್‌ಪ್ರೋಗ್ರಾಮರ್‌ನಲ್ಲಿ ಇದಕ್ಕೇ ‘ಕನೆಕ್ಟ್ ಅಂಡರ್ ರೀಸೆಟ್’ ಅಂತ ಮೋಡ್ ಇದೆ. ಅದಕ್ಕೆ ರೀಸೆಟ್ ತಂತಿಯನ್ನೂ ಸಿಕ್ಕಿಸಬೇಕು. ಕೆಲವು ಕ್ಲೋನ್ ಡಿಬಗ್ಗರ್‌ಗಳಲ್ಲಿ ಆ ಪಿನ್ ಈ ಕೆಲಸಕ್ಕೆ ಬರಲ್ಲ. ಆಗ ಬೋರ್ಡ್‌ನ ರೀಸೆಟ್ ಬಟನ್ ಒತ್ತಿ ಹಿಡ್ಕೊಂಡು, ಕನೆಕ್ಟ್ ಕ್ಲಿಕ್ ಮಾಡಿ, ತಕ್ಷಣ ಬಟನ್ ಬಿಡಿ. ಟೈಮಿಂಗ್ ಸಿಗೋಕೆ ನಾಲ್ಕೈದು ಸಲ ಆಗ್ಬಹುದು.

ತಾಳ್ಮೆ ಇಲ್ಲ ಅಂದ್ರೆ ಇನ್ನೊಂದು ದಾರಿ, ನನಗೆ ಇದೇ ಇಷ್ಟ. ಬೋರ್ಡ್ ಮೇಲೆ ಎರಡು ಹಳದಿ ಜಂಪರ್ ಇರುತ್ತೆ. ಬೂಟ್0 ಜಂಪರನ್ನ 1ಕ್ಕೆ ಹಾಕಿ, ಬೂಟ್1 ಸೊನ್ನೆಯಲ್ಲೇ ಇರಲಿ, ರೀಸೆಟ್ ಒತ್ತಿ. ಈಗ ಚಿಪ್ ನಿಮ್ಮ ಕೋಡ್ ಕಡೆ ತಿರುಗಿಯೂ ನೋಡಲ್ಲ, ಕಂಪನಿಯವರು ಒಳಗಿಟ್ಟಿರೋ ಬೂಟ್‌ಲೋಡರ್ ಓಡಿಸುತ್ತೆ. ಡಿಬಗ್ ಪಿನ್ ತೆರೆದೇ ಇರುತ್ತೆ. ಕನೆಕ್ಟ್ ಮಾಡಿ, ಫುಲ್ ಚಿಪ್ ಇರೇಸ್ ಕೊಡಿ, ಜಂಪರ್ ವಾಪಸ್ ಸೊನ್ನೆಗೆ ಹಾಕಿ. ಆಮೇಲೆ ಕ್ಯೂಬ್‌ಎಂಎಕ್ಸ್‌ಗೆ ಹೋಗಿ ಡಿಬಗ್ ಜಾಗದಲ್ಲಿ ‘ಸೀರಿಯಲ್ ವೈರ್’ ಆರಿಸಿ, ಕೋಡ್ ಮತ್ತೆ ಜನರೇಟ್ ಮಾಡಿ. ಇದನ್ನ ಮರೆತ್ರೆ ಮತ್ತೆ ಅದೇ ಕಥೆ. ಬ್ಯಾಟರಿ ಉಳಿಸೋಕೆ ಸ್ಟಾಪ್ ಮೋಡ್ ಬಳಸಿ ಚಿಪ್‌ನ ಮಲಗಿಸೋ ಕೋಡ್ ಇದ್ರೂ ಡಿಬಗ್ಗರ್‌ಗೆ ಉತ್ತರ ಸಿಗಲ್ಲ, ಅದಕ್ಕೂ ಇದೇ ಮದ್ದು.

ಕನೆಕ್ಟ್ ಆಗುತ್ತೆ, ಆದ್ರೆ ಐಡಿ ತಪ್ಪು ಅಂತ ಬೈಯುತ್ತಾ? ಆಗ ಚಿಪ್ಪೇ ಬೇರೆ ಇರಬಹುದು. ಅಸಲಿ ಚಿಪ್‌ನ ಐಡಿ ಕೋಡ್ 1ಬಿಎ01477. ಸಿಎಸ್32 ಅನ್ನೋ ತದ್ರೂಪಿಯದ್ದು 2ಬಿಎ01477. ಓಪನ್‌ಒಸಿಡಿ ಈ ಒಂದಂಕಿ ವ್ಯತ್ಯಾಸಕ್ಕೇ ನಿಂತುಬಿಡುತ್ತೆ. ಅದರ ಕಾನ್ಫಿಗ್‌ನಲ್ಲಿ ನಿರೀಕ್ಷಿತ ಐಡಿಯನ್ನ 2ರಿಂದ ಶುರುವಾಗೋ ಹಾಗೆ ಬದಲಾಯಿಸಿದ್ರೆ ಮುಂದೆ ಹೋಗುತ್ತೆ. ಕಲಿಯೋಕೆ ತೊಂದರೆ ಇಲ್ಲ. ಆದ್ರೆ ಅಸಲಿ ಅಂತ ದುಡ್ಡು ಕೊಟ್ಟು ತಂದಿದ್ರೆ ಅಂಗಡಿಗೆ ವಾಪಸ್ ಹೋಗಿ ಕೇಳಿ.

ಕೊನೇದು, ಬರೆಯೋವಾಗ ಎರರ್. ಫ್ಲ್ಯಾಶ್ ಅಳಿಸಿದಾಗ ಎಲ್ಲಾ ಬಿಟ್ 1 ಆಗುತ್ತೆ, ಬರೆಯೋದು ಅಂದ್ರೆ ಬೇಕಾದ ಕಡೆ ಸೊನ್ನೆ ಮಾಡೋದು. ಸೊನ್ನೆನ ವಾಪಸ್ 1 ಮಾಡ್ಬೇಕು ಅಂದ್ರೆ ಇಡೀ ಪೇಜ್, ಈ ಚಿಪ್‌ನಲ್ಲಿ 1 ಕೆಬಿ, ಅಳಿಸಲೇಬೇಕು. ಓದೋಕೂ ಆಗ್ತಿಲ್ಲ, ಅಳಿಸೋಕೂ ಆಗ್ತಿಲ್ಲ ಅಂದ್ರೆ ‘ಆಪ್ಷನ್ ಬೈಟ್ಸ್’ನಲ್ಲಿ ರೀಡ್‌ಔಟ್ ಪ್ರೊಟೆಕ್ಷನ್ ಆನ್ ಇದೆಯಾ ನೋಡಿ. ಅದನ್ನ ತೆಗೆದ್ರೆ ಒಳಗಿರೋ ಕೋಡೆಲ್ಲಾ ಅಳಿಸಿಹೋಗುತ್ತೆ, ಹಾಗಾಗಿ ಸೀನಿಯರ್‌ಗಳಿಂದ ಬಂದ ಬೋರ್ಡ್ ಆದ್ರೆ ಸೋರ್ಸ್ ಕೋಡ್ ಇದೆಯಾ ಅಂತ ಮೊದಲು ಕೇಳ್ಕೊಳ್ಳಿ. ಮತ್ತೆ, ಮುಂದೆ ಎಫ್4 ಸರಣಿಯ ಚಿಪ್ ತಗೊಂಡ್ರೆ ಅಲ್ಲಿ ಲೆವೆಲ್ 2 ಅಂತಾನೂ ಒಂದು ಆಯ್ಕೆ ಕಾಣುತ್ತೆ. ಕುತೂಹಲಕ್ಕೂ ಅದನ್ನ ಒತ್ತಬೇಡಿ. ಒಮ್ಮೆ ಹಾಕಿದ್ರೆ ಡಿಬಗ್ ಬಾಗಿಲು ಶಾಶ್ವತವಾಗಿ ಬಂದ್, ಯಾವ ಜಂಪರ್ರೂ ಅದನ್ನ ತೆಗೆಯಲ್ಲ.