ಕಚ್ಚಾ ಚಿತ್ರ ಪರಿವರ್ತನೆ

ಕಚ್ಚಾ ಚಿತ್ರ ಪರಿವರ್ತನೆ ಎಂದರೆ ಡಿಜಿಟಲ್ ಕ್ಯಾಮೆರಾದ ಸಂವೇದಕವು ದಾಖಲಿಸಿದ, ಸಂಸ್ಕರಣೆಗೆ ಒಳಪಡದ ಮಾಹಿತಿಯನ್ನು (ರಾ ಕಡತ) ಅಂತರಜಾಲದಲ್ಲಿ ಬೇಗನೆ ತೆರೆದುಕೊಳ್ಳುವ ಜೆಪೆಗ್, ವೆಬ್‌ಪಿ, ಎವಿಐಎಫ್ ಮೊದಲಾದ ಕಿರುಗಾತ್ರದ ಚಿತ್ರರೂಪಗಳಿಗೆ ಬದಲಾಯಿಸುವ ಕ್ರಿಯೆ. ಇದು ಏಕಮುಖವಾದುದು. ಒಂದು ರಾ ಕಡತದಿಂದ ಎಷ್ಟು ಜೆಪೆಗ್ ಪ್ರತಿಗಳನ್ನಾದರೂ ಪಡೆಯಬಹುದು. ಜೆಪೆಗ್‌ನಿಂದ ರಾ ಕಡತವನ್ನು ಮರಳಿ ಪಡೆಯಲಾಗದು. ಜೆಪೆಗ್ ಸಂಕೋಚನಕ್ಕೆ ಆಧಾರವಾದ ಗಣಿತ ವಿಧಾನವನ್ನು ಕಂಡುಕೊಂಡವರು ಬೆಂಗಳೂರಿನಲ್ಲಿ ಹುಟ್ಟಿ ಓದಿದ ಎಂಜಿನಿಯರ್ ನಾಸಿರ್ ಅಹ್ಮದ್.

ರಾ ಕಡತದ ಸ್ವರೂಪ

ಸಂವೇದಕದ ಬಿಂದುಗಳು ಬೆಳಕಿನ ಪ್ರಮಾಣವನ್ನಷ್ಟೇ ಅಳೆಯುತ್ತವೆ, ಬಣ್ಣವನ್ನು ಗುರುತಿಸುವುದಿಲ್ಲ. ಆದ್ದರಿಂದ ಅವುಗಳ ಮೇಲೆ ಕೆಂಪು, ಹಸಿರು, ನೀಲಿ ಸೋಸುಕಗಳ ಜಾಲರಿಯನ್ನು ಹೊದಿಸಿರುತ್ತಾರೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿದೆ. ಅದರಲ್ಲಿ ಅರ್ಧದಷ್ಟು ಬಿಂದುಗಳು ಹಸಿರಿಗೆ, ಕಾಲು ಭಾಗ ಕೆಂಪಿಗೆ, ಉಳಿದ ಕಾಲು ಭಾಗ ನೀಲಿಗೆ ಮೀಸಲು. ರಾ ಕಡತದಲ್ಲಿರುವುದು ಪ್ರತಿ ಬಿಂದುವಿನ ಒಂದೊಂದು ಅಳತೆ ಮಾತ್ರ. ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ಇನ್ನೂ ಚಿತ್ರವೇ ಅಲ್ಲ.

14 ಬಿಟ್‌ಗಳ ಅಳತೆಯಲ್ಲಿ ಬೆಳಕಿನ 16,384 ಹಂತಗಳಿರುತ್ತವೆ. ಸಾಮಾನ್ಯ ಜೆಪೆಗ್‌ನಲ್ಲಿ ಬಣ್ಣವೊಂದಕ್ಕೆ 256 ಹಂತಗಳು ಮಾತ್ರ. 6000×4000 ಬಿಂದುಗಳ ಕಡತವು 14 ಬಿಟ್‌ಗಳಲ್ಲಿ, ಸಂಕೋಚನವಿಲ್ಲದೆ, ಸುಮಾರು 42 ಮೆಗಾಬೈಟ್ ಆಗುತ್ತದೆ. ಕ್ಯಾನನ್‌ನ ಸಿಆರ್3, ನಿಕಾನ್‌ನ ಎನ್‌ಇಎಫ್, ಸೋನಿಯ ಎಆರ್‌ಡಬ್ಲ್ಯು ಹೀಗೆ ತಯಾರಕರಿಗೊಂದು ರೂಪವಿದೆ. ಬ್ರೌಸರ್‌ಗಳು ಸಾಮಾನ್ಯವಾಗಿ ಇವನ್ನು ತೋರಿಸುವುದಿಲ್ಲ. ವಿಕಿಮೀಡಿಯ ಕಾಮನ್ಸ್ ಕೂಡ ಸ್ವೀಕರಿಸುವುದಿಲ್ಲ. ಅಡೋಬಿ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಡಿಎನ್‌ಜಿ ರೂಪವು ಈ ವೈವಿಧ್ಯವನ್ನು ಸ್ವಲ್ಪಮಟ್ಟಿಗೆ ತಗ್ಗಿಸಿದೆ.

ಪರಿವರ್ತನೆಯ ಹಂತಗಳು

ಮೊದಲು ಬೆಳಕಿನ ಮೂಲಕ್ಕೆ ತಕ್ಕಂತೆ ಬಿಳಿಯ ಸಮತೋಲವನ್ನು ಹೊಂದಿಸಿ, ಪ್ರತಿ ಬಿಂದುವಿನಲ್ಲಿ ಇಲ್ಲದ ಎರಡು ಬಣ್ಣಗಳನ್ನು ನೆರೆಯ ಬಿಂದುಗಳಿಂದ ಅಂದಾಜಿಸಲಾಗುತ್ತದೆ. ಇಲ್ಲಿ ಮಾಹಿತಿ ಕುಗ್ಗುವ ಬದಲು ಹಿಗ್ಗುತ್ತದೆ: ಮೇಲಿನ 42 ಮೆಗಾಬೈಟ್ ಕಡತವು ಮೂರು ಬಣ್ಣಗಳು ತುಂಬಿದಾಗ 8 ಬಿಟ್‌ಗಳಲ್ಲೇ 72 ಮೆಗಾಬೈಟ್ ಆಗುತ್ತದೆ. ಬಳಿಕ ಛಾಯೆಯ ಏರಿಳಿತವನ್ನು ಕಣ್ಣಿಗೆ ಹೊಂದುವಂತೆ ಬದಲಿಸಿ, ಎಸ್‌ಆರ್‌ಜಿಬಿ ಬಣ್ಣವ್ಯಾಪ್ತಿಗೆ ತರಲಾಗುತ್ತದೆ. ಅಡೋಬಿ ಆರ್‌ಜಿಬಿಯಲ್ಲಿ ಉಳಿಸಿದ ಚಿತ್ರವನ್ನು ಬಣ್ಣದ ವಿವರಣೆಯಿಲ್ಲದೆ ಜಾಲಕ್ಕೆ ಏರಿಸಿದರೆ ಬಣ್ಣಗಳು ಮಂಕಾಗಿ ಕಾಣುತ್ತವೆ. ಕೊನೆಗೆ ಅಳತೆಯನ್ನು ಕಿರಿದುಗೊಳಿಸಿ, ಲಘುವಾಗಿ ಹರಿತಗೊಳಿಸಿ, ಸಂಕೋಚಿಸಲಾಗುತ್ತದೆ. ಈ ಕ್ರಮ ಮುಖ್ಯ. ಹರಿತಗೊಳಿಸಿದ ಮೇಲೆ ಕಿರಿದುಗೊಳಿಸಿದರೆ ಆ ಶ್ರಮ ಬಹುಪಾಲು ವ್ಯರ್ಥ. ಡಾರ್ಕ್‌ಟೇಬಲ್, ರಾಥೆರಪಿ ಎಂಬ ಸ್ವತಂತ್ರ ತಂತ್ರಾಂಶಗಳು ಇವೆಲ್ಲವನ್ನೂ ಮಾಡುತ್ತವೆ.

ಜೆಪೆಗ್ ಮತ್ತು ನಾಸಿರ್ ಅಹ್ಮದ್

1992ರಲ್ಲಿ ಮಾನಕವಾದ ಜೆಪೆಗ್, ಚಿತ್ರವನ್ನು 8×8 ಬಿಂದುಗಳ ಚೌಕಗಳಾಗಿ ವಿಭಾಗಿಸುತ್ತದೆ. ಪ್ರತಿ ಚೌಕದ 64 ಬೆಲೆಗಳನ್ನು ಡಿಸ್ಕ್ರೀಟ್ ಕೊಸೈನ್ ಪರಿವರ್ತನೆ (ಡಿಸಿಟಿ) ಬೇರೆ 64 ಸಂಖ್ಯೆಗಳಾಗಿ ಮಾರ್ಪಡಿಸುತ್ತದೆ. ಚೌಕದ ಒಟ್ಟಾರೆ ಹೊಳಪು, ನಿಧಾನವಾದ ಏರಿಳಿತಗಳು ಮೊದಲ ಕೆಲವು ಸಂಖ್ಯೆಗಳಲ್ಲಿ ಸೇರಿಕೊಳ್ಳುತ್ತವೆ. ನವಿರಾದ ವಿವರಗಳು ಉಳಿದವುಗಳಲ್ಲಿ. ನಷ್ಟ ಸಂಭವಿಸುವುದು ಇದರಲ್ಲಲ್ಲ, ಮುಂದಿನ ಹಂತದಲ್ಲಿ. ಅಲ್ಲಿ ಸಂಖ್ಯೆಗಳನ್ನು ನಿಗದಿತ ಬೆಲೆಗಳಿಂದ ಭಾಗಿಸಿ ಪೂರ್ಣಾಂಕಕ್ಕೆ ತಂದಾಗ ನವಿರು ವಿವರಗಳ ಸಂಖ್ಯೆಗಳು ಬಹುತೇಕ ಸೊನ್ನೆಯಾಗಿಬಿಡುತ್ತವೆ. ತಂತ್ರಾಂಶಗಳಲ್ಲಿ ‘ಗುಣಮಟ್ಟ’ ಎಂದು ಕಾಣುವ ಅಂಕಿಯು ಈ ಭಾಗಿಸುವಿಕೆಯ ಕಟುತ್ವವನ್ನು ನಿರ್ಧರಿಸುತ್ತದೆ. 80 ಎಂದರೆ ಮೂಲದ ಶೇಕಡಾ 80 ಉಳಿಯಿತೆಂದು ಅರ್ಥವಲ್ಲ.

1940ರಲ್ಲಿ ಜನಿಸಿದ ಅಹ್ಮದ್, ಕೆ.ಆರ್. ವೃತ್ತದ ಬಳಿಯ, ಇಂದು ಯುವಿಸಿಇ ಎಂದು ಹೆಸರಾದ ಎಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿದರು. 1972ರಲ್ಲಿ ಡಿಸಿಟಿ ಅಧ್ಯಯನಕ್ಕೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವು ಕೋರಿದಾಗ ಅದು ದೊರೆಯಲಿಲ್ಲ. ವಿಚಾರವು ತೀರಾ ಸರಳವೆಂದು ಪರಿಶೀಲಕರೊಬ್ಬರು ಅಭಿಪ್ರಾಯಪಟ್ಟಿದ್ದರೆಂದು ಅವರೇ ಮುಂದೆ ಬರೆದಿದ್ದಾರೆ. ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಕೆಲಸ ಮುಂದುವರಿಸಿ, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಜೆಪೆಗ್ ಮಾತ್ರವಲ್ಲದೆ ಡಿಜಿಟಲ್ ವಿಡಿಯೊದ ಅನೇಕ ಮಾನಕಗಳೂ ಇದೇ ಪರಿವರ್ತನೆಯನ್ನು ಅವಲಂಬಿಸಿವೆ.

ವಸ್ತುವಿಗೆ ತಕ್ಕ ಪರಿವರ್ತನೆ

ಎಲ್ಲ ಚಿತ್ರಗಳಿಗೂ ಒಂದೇ ಹೊಂದಿಕೆ ಸಲ್ಲುವುದಿಲ್ಲ. ದಕ್ಷಿಣ ಬೆಂಗಳೂರಿನ ಕೋಣನಕುಂಟೆಯ ಆಸುಪಾಸಿನಲ್ಲೇ ಇದಕ್ಕೆ ಎರಡು ಭಿನ್ನ ನಿದರ್ಶನಗಳು ದೊರೆಯುತ್ತವೆ.

ಪೂರ್ವಕ್ಕಿರುವ ಬೇಗೂರಿನ ದೇವಾಲಯದಲ್ಲಿ ‘ಬೆಂಗಳೂರು’ ಎಂಬ ಹೆಸರನ್ನು ಉಲ್ಲೇಖಿಸುವ, ಸುಮಾರು ಕ್ರಿ.ಶ. 890ರ ಶಾಸನವಿದೆ. ಇಂಥ ಸವೆದ ಕಲ್ಲಿನಲ್ಲಿ ಅಕ್ಷರವು ಕಾಣುವುದು ಓರೆಬೆಳಕಿನ ನೆರಳಿನಿಂದ. ಗೀರಿಗೂ ಕಲ್ಲಿನ ಮೈಗೂ ಛಾಯೆಯ ಅಂತರ ಅತ್ಯಲ್ಪ. ಬಿಗಿಯಾಗಿ ಸಂಕೋಚಿಸಿದ ಜೆಪೆಗ್‌ನಲ್ಲಿ ಆ ಅಂತರ ಅಳಿದುಹೋಗುತ್ತದೆ. ಆಮೇಲೆ ವ್ಯತಿರೇಕವನ್ನು ಹೆಚ್ಚಿಸಿದರೆ ಎದ್ದು ಕಾಣುವುದು ಅಕ್ಷರವಲ್ಲ, 8×8 ಚೌಕಗಳ ಅಂಚು. ಅತಿಯಾಗಿ ಹರಿತಗೊಳಿಸುವುದೂ ಅಪಾಯಕಾರಿ: ಗೀರಿನ ಪಕ್ಕ ಮೂಡುವ ಹುಸಿಗೆರೆಯು ಕೊಂಬಾಗಿಯೋ ಒತ್ತಕ್ಷರವಾಗಿಯೋ ಓದಿಸಿಕೊಂಡು ಪಾಠವನ್ನೇ ಬದಲಿಸಬಹುದು. ಆದ್ದರಿಂದ ವ್ಯತಿರೇಕವನ್ನು ರಾ ಹಂತದಲ್ಲೇ ಹೊಂದಿಸಿ, ಪೂರ್ಣ ಅಳತೆಯ, ಹೆಚ್ಚಿನ ಗುಣಮಟ್ಟದ ಪ್ರತಿಯನ್ನು ಪ್ರಕಟಿಸುವುದು ಸೂಕ್ತ. ಮಳೆಗಾಳಿಗೆ ಒಡ್ಡಿಕೊಂಡ ಕಲ್ಲು ಇನ್ನಷ್ಟು ಸವೆದಾಗ, ಹಳೆಯ ರಾ ಕಡತದಲ್ಲಿ ಉಳಿದ ಗೀರೇ ಓದಿಗೆ ಆಧಾರವಾಗಬಹುದು.

ಕನಕಪುರ ರಸ್ತೆಯ ಆಚೆಗಿನ ತುರಹಳ್ಳಿ ಕಾಡಿನ ಹಕ್ಕಿಗಳ ಚಿತ್ರಗಳಲ್ಲಿ ಸಮಸ್ಯೆ ಬೇರೆ. ಮುಖ್ಯವಾಗಿ ಬಣ್ಣದ್ದು. ಮಾನವನ ಕಣ್ಣು ಹೊಳಪಿನಷ್ಟು ಸೂಕ್ಷ್ಮವಾಗಿ ಬಣ್ಣವನ್ನು ಗ್ರಹಿಸದು ಎಂಬ ಕಾರಣದಿಂದ ಜೆಪೆಗ್‌ನಲ್ಲಿ ಬಣ್ಣದ ವಿವರವನ್ನು ಉದ್ದಗಲಗಳೆರಡರಲ್ಲೂ ಅರ್ಧಕ್ಕಿಳಿಸುವ ರೂಢಿಯಿದೆ. ಬೂದುಗಲ್ಲಿಗೆ ಇದರಿಂದ ಬಾಧೆಯಿಲ್ಲ. ಪುಟ್ಟ ಹಕ್ಕಿಯ ಕೆಂಪು ಮಚ್ಚೆಯ ಅಂಚು, ಹಳದಿ-ಕೆಂಪು ಬಾವುಟದ ನಡುಗೆರೆ ಕಲಸಿಹೋಗುತ್ತವೆ. ಎರಡನೆಯದು ಸ್ಥಳದ ಮಾಹಿತಿ. ಕ್ಯಾಮೆರಾ ಅಥವಾ ಮೊಬೈಲ್ ದಾಖಲಿಸಿದ ಅಕ್ಷಾಂಶ-ರೇಖಾಂಶಗಳು ಎಕ್ಸಿಫ್ ದತ್ತಾಂಶದ ಮೂಲಕ ಜೆಪೆಗ್‌ಗೂ ಸಾಗುತ್ತವೆ. ಶಾಸನಕ್ಕೆ ಅದು ಉಪಯುಕ್ತ. ಗೂಡಿನ ಚಿತ್ರಕ್ಕೆ ಹಾನಿಕರ. ಗೂಡುಗಳ ಚಿತ್ರದಿಂದ ಸ್ಥಳವನ್ನು ಅಳಿಸಿ, ಛಾಯಾಗ್ರಾಹಕರ ಹೆಸರು ಮತ್ತು ಪರವಾನಗಿಯನ್ನು ಉಳಿಸಿಕೊಳ್ಳಬೇಕು. ಎಲ್ಲವನ್ನೂ ಒಟ್ಟಿಗೆ ಅಳಿಸುವ ಸಾಧನಗಳು ಈ ವಿವೇಚನೆ ಮಾಡುವುದಿಲ್ಲ.

ಇತರ ರೂಪಗಳು

ಗೂಗಲ್ 2010ರಲ್ಲಿ ಪ್ರಕಟಿಸಿದ ವೆಬ್‌ಪಿ, 2019ರಲ್ಲಿ ಬಂದ ಎವಿಐಎಫ್ ಸಾಮಾನ್ಯವಾಗಿ ಜೆಪೆಗ್‌ಗಿಂತ ಕಡಿಮೆ ಗಾತ್ರದಲ್ಲಿ ಸಮಾನ ನೋಟವನ್ನು ಕೊಡುತ್ತವೆ. ನಷ್ಟಸಹಿತ ವೆಬ್‌ಪಿಯಲ್ಲಿ ಬಣ್ಣದ ವಿವರ ಯಾವಾಗಲೂ ಅರ್ಧಕ್ಕಿಳಿಯುತ್ತದೆ. ಎವಿಐಎಫ್‌ನಲ್ಲಿ ಅದನ್ನು ಪೂರ್ಣವಾಗಿ ಉಳಿಸಬಹುದು, 10 ಮತ್ತು 12 ಬಿಟ್‌ಗಳಿಗೂ ಅವಕಾಶವಿದೆ. ಜೆಪೆಗ್ ಎಕ್ಸ್‌ಎಲ್ ಹಳೆಯ ಜೆಪೆಗ್ ಕಡತಗಳನ್ನು ನಷ್ಟವಿಲ್ಲದೆ ಸುಮಾರು ಶೇಕಡಾ 20ರಷ್ಟು ಕುಗ್ಗಿಸಬಲ್ಲದು. 2023ರಲ್ಲಿ ಕ್ರೋಮ್ ಅದರ ಪ್ರಾಯೋಗಿಕ ಬೆಂಬಲವನ್ನು ಕೈಬಿಟ್ಟಿತು, ಅದೇ ವರ್ಷ ಸಫಾರಿ ಸೇರಿಸಿಕೊಂಡಿತು. ಯಾವ ರೂಪವನ್ನು ಆರಿಸಿದರೂ ಹೊಸ ಪ್ರತಿಯನ್ನು ರಾ ಕಡತದಿಂದಲೇ ತಯಾರಿಸಬೇಕು. ಜೆಪೆಗ್ ಅನ್ನು ಮತ್ತೆ ತಿದ್ದಿ ಉಳಿಸಿದಾಗಲೆಲ್ಲ ಹಿಂದಿನ ನಷ್ಟದ ಮೇಲೆ ಹೊಸ ನಷ್ಟ ಸೇರುತ್ತದೆ.